ತಿರುವಿಗೆ ಮುಂಚೆ ಬ್ರೇಕ್

ಕೇಳುಗರಿಗೆ ನಮಸ್ಕಾರ. ಮೌಂಟನ್ ಬೈಕ್ ಹಿಡಿದು ಮೊದಲ ಸಲ ಮಣ್ಣಿನ ಹಾದಿಗೆ ಇಳಿಯುತ್ತಿರುವ ನಿಮಗೆ ನಾನು ಹೇಳಬೇಕಾದದ್ದು ಒಂದೇ ಮಾತು. ಬ್ರೇಕ್ ಹಿಡಿಯುವ ಕೆಲಸವನ್ನು ತಿರುವಿಗೆ ಮುಂಚೆಯೇ ಮುಗಿಸಿ. ತಿರುವಿನೊಳಗಲ್ಲ, ಮುಂಚೆ.

ಸಡಿಲ ಮಣ್ಣಿನಲ್ಲಿ ಟೈರಿಗೆ ಸಿಗುವ ಹಿಡಿತ ಒಂದು ಬೊಗಸೆ ಎಂದುಕೊಳ್ಳಿ. ತಿರುಗುವುದಕ್ಕೂ ಅದರಲ್ಲೇ ಪಾಲು, ನಿಲ್ಲುವುದಕ್ಕೂ ಅದರಲ್ಲೇ ಪಾಲು. ಎರಡನ್ನೂ ಒಟ್ಟಿಗೆ ಕೇಳಿದರೆ ಬೊಗಸೆ ಬರಿದಾಗಿ ಮುಂದಿನ ಚಕ್ರ ಜಾರುತ್ತದೆ. ಹೊಸಬರು ಬೀಳುವುದು ಹೆಚ್ಚಾಗಿ ಹೀಗೆಯೇ. ‘ಭಯವಾದಾಗ ಹಿಡಿಯುತ್ತೇನೆ’ ಎನ್ನಬೇಡಿ, ದಯವಿಟ್ಟು. ಭಯವಾಗುವ ಹೊತ್ತಿಗೆ ನೀವು ತಿರುವಿನ ನಡುವೆ ಇರುತ್ತೀರಿ.

ಇಳಿಜಾರಿಗೆ ಮೊದಲು ಸೀಟು ತಗ್ಗಿಸಿ, ಪೆಡಲ್ ಮೇಲೆ ಎದ್ದು ನಿಲ್ಲಿ. ಎರಡು ಪೆಡಲ್‌ಗಳೂ ಒಂದೇ ಮಟ್ಟದಲ್ಲಿ, ಹಿಮ್ಮಡಿ ಕೆಳಗೆ, ಮೊಣಕೈ ಮೊಣಕಾಲು ಸಡಿಲ. ಎರಡೂ ಬ್ರೇಕ್ ಲಿವರ್ ಮೇಲೆ ತೋರುಬೆರಳು ಮಾತ್ರ. ಮುಂದಿನ ಬ್ರೇಕಿಗೆ ಹೆದರಬೇಡಿ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಅದಕ್ಕೇ. ಗಕ್ಕನೆ ಅದುಮಿದರೆ ಮುಗ್ಗರಿಸುತ್ತೀರಿ. ನಿಂಬೆಹಣ್ಣು ಹಿಂಡುವ ಹಾಗೆ ನಿಧಾನವಾಗಿ ಒತ್ತಿ, ಸೊಂಟ ಸ್ವಲ್ಪ ಹಿಂದಕ್ಕೆ ತನ್ನಿ.

ಬ್ರೇಕಿನ ಮಾತು ಬಂದಾಗ ರೀಪ್ಯಾಕ್ ಕಥೆ ಹೇಳದೆ ಮುಂದೆ ಹೋಗಲಾರೆ. 1976ರ ಅಕ್ಟೋಬರ್. ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಪಟ್ಟಣದ ಬಳಿಯ ಗುಡ್ಡದಲ್ಲಿ ಕೆಲವು ಯುವಕರು ಇಳಿಜಾರಿನ ಪಂದ್ಯ ಶುರುಮಾಡಿದರು. ಸುಮಾರು 3 ಕಿಲೋಮೀಟರ್ ಹಾದಿ, 400 ಮೀಟರಿನಷ್ಟು ಇಳಿತ. ಅವರ ಬಳಿ ಇದ್ದವು ದಪ್ಪ ಟೈರಿನ ಹಳೆಯ ಸೈಕಲ್ಲುಗಳು. ಹಿಂದಕ್ಕೆ ಪೆಡಲ್ ತುಳಿದರೆ ಹಿಂದಿನ ಚಕ್ರದ ನಡುವಿನ ಗುಂಬ, ಅಂದರೆ ಹಬ್, ಅದರೊಳಗೆ ಬ್ರೇಕ್ ಬೀಳುತ್ತಿತ್ತು. ಒಂದೇ ಇಳಿತಕ್ಕೆ ಹಬ್ ಎಷ್ಟು ಕಾಯುತ್ತಿತ್ತೆಂದರೆ ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು! ಕೆಳಗೆ ತಲುಪಿದ ಮೇಲೆ ಹಬ್ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಮತ್ತೆ ತುಂಬುವುದು, ರೀಪ್ಯಾಕ್. ಹಾದಿಗೆ ಅದೇ ಹೆಸರು ನಿಂತಿತು. ಆ ಹಾದಿಯನ್ನು ಆ ಯುವಕರಲ್ಲೊಬ್ಬರಾದ ಗ್ಯಾರಿ ಫಿಶರ್ 4 ನಿಮಿಷ 22 ಸೆಕೆಂಡಿನಲ್ಲಿ ಇಳಿದರು. ಮೌಂಟನ್ ಬೈಕಿಂಗ್ ಬೆಳೆದದ್ದು ಅಲ್ಲಿಂದ.

ಇಂದಿನ ಡಿಸ್ಕ್ ಬ್ರೇಕಿಗೆ ಗ್ರೀಸು ತುಂಬಬೇಕಿಲ್ಲ, ಆದರೆ ಬಿಸಿ ಬಿಸಿಯೇ. ಇಳಿಜಾರಿನುದ್ದಕ್ಕೂ ಬ್ರೇಕನ್ನು ಸವರುತ್ತಾ ಹೋದರೆ ಡಿಸ್ಕನ್ನು ಒತ್ತಿಹಿಡಿಯುವ ಪ್ಯಾಡು ಕಾದು ಹಿಡಿತ ಕಳೆದುಕೊಳ್ಳುತ್ತದೆ. ನೇರ ಹಾದಿಯಲ್ಲಿ ಗಟ್ಟಿಯಾಗಿ ಹಿಡಿದು, ತಿರುವಿಗೆ ಮುಂಚೆ ಬಿಟ್ಟರೆ ಡಿಸ್ಕಿಗೆ ತಣಿಯಲು ಸಮಯ ಸಿಗುತ್ತದೆ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಟ್ಯೂಬ್ ಇರುವ ಟೈರಿಗೆ, 70 ಕಿಲೋ ತೂಕದವರು 28ರಿಂದ 30 ಪಿಎಸ್‌ಐ ಒತ್ತಡದ ಗಾಳಿಯಿಂದ ಶುರುಮಾಡಿ. ಹೆಚ್ಚಾದರೆ ಚಕ್ರ ಕಲ್ಲಿನ ಮೇಲೆ ಪುಟಿಯುತ್ತದೆ. ಕಡಿಮೆಯಾದರೆ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತು. ಏರಿಗೆ ಬೇಕಾದ ಗೇರನ್ನು ಏರು ಶುರುವಾಗುವ ಮೊದಲೇ ಹಾಕಿ. ಹೆಲ್ಮೆಟ್ ಬಗ್ಗೆ ಬೇರೆ ಹೇಳಬೇಕಿಲ್ಲ.

ನಾಳೆ ಬೆಳಿಗ್ಗೆ ಒಂದು ಸಣ್ಣ ಇಳಿಜಾರು ಹುಡುಕಿ. ತಿರುವಿಗೆ ಐದು ಹೆಜ್ಜೆ ಮುಂಚೆ, ಹಾದಿಯ ಅಂಚಿನಲ್ಲಿ ಒಂದು ಕಲ್ಲಿಡಿ. ಕಲ್ಲಿನ ತನಕ ಬ್ರೇಕ್. ಕಲ್ಲು ದಾಟಿದ ಕೂಡಲೇ ಬೆರಳು ಸಡಿಲಿಸಿ, ತಿರುವಿನ ಕೊನೆಯತ್ತ ಕಣ್ಣು ನೆಡಿ. ಇಪ್ಪತ್ತು ಸಲ ಮಾಡಿ. ನಮಸ್ಕಾರ.