ಕಟ್ಟುಕತೆ ಓದಿ ಏನು ಸಿಗುತ್ತೆ?

ನಮಸ್ಕಾರ. ಹೋದ ತಿಂಗಳು ನೆಂಟರ ಮದುವೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ ಕೂತಿದ್ದೆ. ಕೈಯಲ್ಲಿ ಪುಸ್ತಕ ಇತ್ತು. ಪಕ್ಕದಲ್ಲಿದ್ದ ನಮ್ಮ ಮಾವ ಅದನ್ನು ಕಿತ್ತುಕೊಂಡು, ಹಿಂದೆ ಮುಂದೆ ತಿರುಗಿಸಿ, "ಇನ್ನೂ ಕಾದಂಬರಿನೇ ಓದ್ತಾ ಇದೀಯೇನೋ? ಈ ಕಟ್ಟುಕತೆ ಓದಿ ಏನು ಸಿಗುತ್ತೆ? ನಿಜವಾದ ಪುಸ್ತಕ ಓದು" ಅಂದರು. ಅಷ್ಟರಲ್ಲಿ ಎಲೆ ಹಾಕಿದರು. ಒಬ್ಬಟ್ಟಿನ ಮುಂದೆ ವಾದ ಮಾಡುವ ಜಾಯಮಾನ ನನ್ನದಲ್ಲ. ಹಾಗಾಗಿ ಉತ್ತರ ಈಗ ಕೊಡುತ್ತಿದ್ದೇನೆ, ಮಾವ ಇದನ್ನು ನೋಡಲ್ಲ ಅನ್ನುವ ಧೈರ್ಯದಲ್ಲಿ.

ನನ್ನ ಹತ್ತಿರ ಎರಡು ಪುಸ್ತಕ ಇವೆ. ಒಂದು ಗೃಹಭಂಗ, 1970ರ ಕಾದಂಬರಿ. ಇನ್ನೊಂದು ಭಿತ್ತಿ, 1996ರಲ್ಲಿ ಬಂದ ಆತ್ಮಕಥೆ. ಎರಡನ್ನೂ ಬರೆದವರು ಎಸ್.ಎಲ್. ಭೈರಪ್ಪ. ಎರಡರಲ್ಲೂ ಅದೇ ಹಾಸನ, ತಿಪಟೂರು ಕಡೆಯ ಹಳ್ಳಿಗಳು, ಅದೇ ಬಡತನ, ಅದೇ ಪ್ಲೇಗು. ಮಾವನ ಲೆಕ್ಕದಲ್ಲಿ ಒಂದು ಕಟ್ಟುಕತೆ, ಇನ್ನೊಂದು ನಿಜ.

ನಾನು ಮೊದಲು ಓದಿದ್ದು ಭಿತ್ತಿ. ಅದು ನಾನು ಮಾಡಿದ ತಪ್ಪು. ಭಿತ್ತಿಯಲ್ಲಿ ಏನೋ ಕೊರತೆ ಇತ್ತು ಅಂತಲ್ಲ. ಸತ್ತ ತಮ್ಮನನ್ನು ಆ ಹುಡುಗ ಹೆಗಲ ಮೇಲೆ ಹೊತ್ತುಕೊಂಡು ಸುಡುಗಾಡಿಗೆ ಹೋಗುವ ಪುಟ ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ. ತೊಂದರೆ ಆಗಿದ್ದು ಆಮೇಲೆ. ಗೃಹಭಂಗ ಕೈಗೆ ತಗೊಂಡಾಗ ನಾನು ಓದುಗನಾಗಿರಲಿಲ್ಲ, ಮಹಜರು ಮಾಡೋಕೆ ಬಂದ ಪೊಲೀಸಿನವನಾಗಿದ್ದೆ. ಈ ನಂಜಮ್ಮ ಅಂದ್ರೆ ಅವರ ತಾಯಿ ಗೌರಮ್ಮ. ಈ ವಿಶ್ವ ಅಂದ್ರೆ ಅವರೇ. ಇದು ನಡೆದದ್ದು, ಇದು ಸೇರಿಸಿದ್ದು. ಹೀಗೆ ಟಿಕ್ ಹಾಕಿಕೊಂಡು ಹೋದೆ. ಪುಸ್ತಕ ಮುಗೀತು, ಕಣ್ಣು ಒದ್ದೆಯಾಗಲೇ ಇಲ್ಲ.

ಐದಾರು ವರ್ಷ ಬಿಟ್ಟು ಮತ್ತೆ ಓದಿದೆ. ಅಷ್ಟೊತ್ತಿಗೆ ಭಿತ್ತಿ ಸುಮಾರಾಗಿ ಮರೆತಿತ್ತು, ಪುಣ್ಯ. ಆಗ ಕಂಡಿದ್ದೇ ಬೇರೆ. ನಂಜಮ್ಮ ಕೂತು ಶ್ಯಾನುಭೋಗಿಕೆಯ ಲೆಕ್ಕ ಬರೆಯುತ್ತಾಳೆ, ಆ ಕೆಲಸ ಮಾಡಬೇಕಾದ ಗಂಡ ಚೆನ್ನಿಗರಾಯ ಉಂಡು ಮಲಗಿರುತ್ತಾನೆ. ಅವಳು ಮುತ್ತುಗದ ಎಲೆ ಹಚ್ಚಿ, ಮಾರಿ, ಸಂಸಾರ ತೂಗಿಸುತ್ತಾಳೆ. ಬೆಳೆದ ಇಬ್ಬರು ಮಕ್ಕಳು ಪ್ಲೇಗಿಗೆ ಹೋಗುತ್ತಾರೆ. ಕೊನೆಗೆ ಅವಳೂ ಹೋಗುತ್ತಾಳೆ. ಈ ಇಡೀ ಕತೆಯಲ್ಲಿ ವಿಶ್ವ ಒಂದು ಮೂಲೆಯಲ್ಲಿ ಇರುವ ಸಣ್ಣ ಹುಡುಗ ಅಷ್ಟೇ. ಬರೆದವರು ತಮ್ಮನ್ನು ಆ ಮೂಲೆಗೆ ಸರಿಸಿ, ಇಡೀ ಮನೆಯನ್ನು ತಾಯಿಗೆ ಬಿಟ್ಟುಕೊಟ್ಟಿದ್ದಾರೆ.

ಆತ್ಮಕಥೆಯಲ್ಲಿ ಅದು ಆಗೋದಿಲ್ಲ. ಆತ್ಮಕಥೆ ಅಂದಮೇಲೆ 'ನಾನು' ನಡುಮನೆಯಲ್ಲೇ ಕೂರಬೇಕು. ತಾಯಿ ಬರುತ್ತಾಳೆ, ಆದರೆ ಮಗನ ಬದುಕಿನಲ್ಲಿ ಎಷ್ಟು ಜಾಗ ಇತ್ತೋ ಅಷ್ಟೇ ಪುಟಕ್ಕೆ. ಸಂಗತಿಗಳು ಪೂರ್ತಿ ಬೇಕು ಅಂದರೆ ಭಿತ್ತಿ ಓದಿ. ಆ ತಾಯಿ ಪೂರ್ತಿ ಬೇಕು ಅಂದರೆ 'ಕಟ್ಟುಕತೆ'ಗೇ ಬರಬೇಕು. ಮಾವನಿಗೆ ನಾನು ಹೇಳಬೇಕಾಗಿದ್ದದ್ದು ಇದು.

ಹಾಗಂತ ಭೈರಪ್ಪನವರ ಎಲ್ಲ ಕಾದಂಬರಿಯೂ ನನಗೆ ಇಷ್ಟ ಅಂದುಕೊಳ್ಳಬೇಡಿ. ಕೊನೆಕೊನೆಗೆ ಅವರ ಪಾತ್ರಗಳು ಮಾತಾಡೋದು ಕಡಿಮೆ, ವಾದ ಮಾಡೋದು ಜಾಸ್ತಿ. ಕಾಮೆಂಟಿನಲ್ಲಿ ಬಯ್ಯುವವರು ಬಯ್ಯಬಹುದು.

ಈಗ ಉಲ್ಟಾ ಕಡೆಯಿಂದ ನೋಡೋಣ. ತೇಜಸ್ವಿಯವರ ಕರ್ವಾಲೊ 1980ರದ್ದು, ಕಾದಂಬರಿ. ಪರಿಸರದ ಕತೆ 1991ರದ್ದು, ಕಾದಂಬರಿಯಲ್ಲ. ಆದರೆ ಕೆಲಸದಾಳು ಪ್ಯಾರ ಅಲ್ಲೂ ಇದ್ದಾನೆ, ಇಲ್ಲೂ ಇದ್ದಾನೆ. ಕಿವಿ ಅನ್ನುವ ನಾಯಿ ಎರಡರಲ್ಲೂ ಓಡಾಡಿಕೊಂಡಿದೆ. ಆ ನಾಯಿಗೆ ತಾನು ಯಾವ ಪ್ರಕಾರದ ಪುಸ್ತಕದಲ್ಲಿದ್ದೇನೆ ಅನ್ನೋದು ಗೊತ್ತಿರಲಿಲ್ಲ, ನಮಗೂ ಗೊತ್ತಾಗಬೇಕಾಗಿಲ್ಲ. ಕರ್ವಾಲೊದಲ್ಲಿ ಎಲ್ಲರೂ ಹುಡುಕಿಕೊಂಡು ಹೋಗೋದು ಒಂದು ಹಾರುವ ಓತಿಯನ್ನು. ಕಾದಂಬರಿಯಲ್ಲಿ ಅಂಥದ್ದು ಬಂದರೆ ಜನ ಅದು ಸುಮ್ನೆ ಕಲ್ಪನೆ ಅಂದುಕೊಳ್ಳುತ್ತಾರೆ. ಅದು ಪಶ್ಚಿಮ ಘಟ್ಟದಲ್ಲಿ ನಿಜವಾಗಿಯೂ ಇದೆ, ಪಕ್ಕೆಲುಬಿನ ಚರ್ಮವನ್ನು ರೆಕ್ಕೆಯ ಹಾಗೆ ಹರಡಿಕೊಂಡು ಮರದಿಂದ ಮರಕ್ಕೆ ತೇಲುತ್ತೆ. ಹೋಗಲಿ, 'ನಾನ್ ಫಿಕ್ಷನ್' ಅನ್ನೋದಕ್ಕೆ ನಮ್ಮಲ್ಲಿ ಬಾಯಿಗೆ ಹಗುರಾಗಿ ಬರುವ ಒಂದು ಪದವೂ ಇಲ್ಲ. ಕಥೇತರ ಅಂತಾರೆ. ಯಾರಾದರೂ ಅಂಗಡಿಗೆ ಹೋಗಿ "ಒಂದು ಒಳ್ಳೆ ಕಥೇತರ ಕೊಡಿ" ಅಂತ ಕೇಳಿದ್ದು ನೋಡಿದ್ದೀರಾ?

ಆ 'ಕಥೇತರ'ದಲ್ಲಿ ನನ್ನ ಮಟ್ಟಿಗೆ ದೊಡ್ಡವರು ಬಿ.ಜಿ.ಎಲ್. ಸ್ವಾಮಿ. ಸಸ್ಯಶಾಸ್ತ್ರದ ಮೇಷ್ಟ್ರು, ಡಿವಿಜಿಯವರ ಮಗ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅನುಭವವನ್ನು ಹಸುರು ಹೊನ್ನು ಅಂತ ಬರೆದರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡಗಳ ಚಿತ್ರವೂ ಅವರದ್ದೇ ಕೈ. ಆದರೆ ನಮ್ಮ ಮನೆಯಲ್ಲಿ ಗೆದ್ದಿದ್ದು ಅವರ ಇನ್ನೊಂದು ಪುಸ್ತಕ, ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ. ನಾವು ತಿನ್ನುವ ತರಕಾರಿ, ಹಣ್ಣುಗಳಲ್ಲಿ ಎಷ್ಟು ಆ ಖಂಡದಿಂದ ಹಡಗು ಹತ್ತಿ ಬಂದವು ಅನ್ನೋದೇ ಅದರ ವಿಷಯ.

ಒಂದು ಭಾನುವಾರ ಅಡುಗೆಮನೆ ಕಟ್ಟೆ ಮೇಲೆ ಕೂತು ಅಮ್ಮನಿಗೆ ಅದನ್ನು ಹೇಳುತ್ತಿದ್ದೆ. ಅಮ್ಮ ಹುಳಿಗೆ ಆಲೂಗೆಡ್ಡೆ ಹೆಚ್ಚುತ್ತಿದ್ದರು. ಆಲೂಗೆಡ್ಡೆ ನಮ್ಮದಲ್ಲ ಅಂದೆ. "ಹ್ಞೂಂ" ಅಂದರು. ಟೊಮೇಟೊನೂ ಅಲ್ಲ ಅಂದೆ. ಅದಕ್ಕೂ "ಹ್ಞೂಂ". ಮೆಣಸಿನಕಾಯಿನೂ ನಮ್ಮದಲ್ಲ, ಪೋರ್ಚುಗೀಸರು ಬರೋಕೆ ಮುಂಚೆ ಖಾರ ಅಂದ್ರೆ ಕಾಳುಮೆಣಸು, ಆ ಮೆಣಸಿನ ಹೆಸರನ್ನೇ ಹೊಸ ಕಾಯಿಗೆ ಇಟ್ಟುಕೊಂಡ್ವಿ ಅಂದೆ. ಅಮ್ಮನ ಈಳಿಗೆ ನಿಂತಿತು. "ಅದಕ್ಕೇನೋ ತಿಥಿ ಅಡುಗೆಗೆ ಮೆಣಸಿನಕಾಯಿ ಹಾಕಲ್ಲ, ಕಾಳುಮೆಣಸೇ ಹಾಕ್ತೀವಿ! ಆಲೂಗೆಡ್ಡೆ, ಟೊಮೇಟೊನೂ ಸೇರಿಸಲ್ಲ!" ಅಷ್ಟು ವರ್ಷ ಮಾಡಿದ ಅಡುಗೆಗೆ ಅವತ್ತು ಕಾರಣ ಸಿಕ್ಕಿತ್ತು. ಹುಳಿ ಸ್ವಲ್ಪ ತಳ ಹಿಡಿಯಿತು. ಪುಸ್ತಕ ಅಂದ್ರೆ ಇದು ಸ್ವಾಮಿ.

ಇದರ ಪಕ್ಕದಲ್ಲಿ ಈಗ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಗುಡ್ಡೆ ಹಾಕಿರುವ ಯಶಸ್ಸಿನ ಪುಸ್ತಕಗಳನ್ನು ಇಟ್ಟು ನೋಡಿ. ಮಾವ ಹೇಳುವ 'ನಿಜವಾದ ಪುಸ್ತಕ' ಬಹುಶಃ ಅವೇ. ಬೇಗ ಏಳಿ, ಪಟ್ಟಿ ಮಾಡಿ, ಇಲ್ಲ ಅನ್ನೋದನ್ನು ಕಲೀರಿ. ನಾಲ್ಕು ಪುಟದ ಮಾತನ್ನು ಇನ್ನೂರು ಪುಟಕ್ಕೆ ಎಳೆದಿರುತ್ತಾರೆ. ಅದರಲ್ಲಿ ಬರುವ ಉದಾಹರಣೆಯ ಮನುಷ್ಯರಿಗೆ ಊರಿಲ್ಲ, ಮನೆಯಿಲ್ಲ, ಅತ್ತೆಯಿಲ್ಲ. ನಂಜಮ್ಮನಿಗಿಂತ ಜಾಸ್ತಿ ಕಟ್ಟುಕತೆ ಅವರೇ.

ಸಿದ್ದಲಿಂಗಯ್ಯನವರ ಆತ್ಮಕಥೆ ಊರುಕೇರಿ ಬಗ್ಗೆ ಒಂದು ಮಾತು ಹೇಳದೆ ಬಿಟ್ಟರೆ ನಿದ್ದೆ ಬರಲ್ಲ. ಶುರುವಿನಲ್ಲೇ ಒಂದು ಹೊಲ. ಎತ್ತು ಕಟ್ಟುವ ಕಡೆ ಇಬ್ಬರು ಮನುಷ್ಯರು ನೊಗ ಹೊತ್ತಿದ್ದಾರೆ. ನೋಡುತ್ತಿರುವ ಹುಡುಗನಿಗೆ ಮೊದಲು ಅದು ಮೋಜಿನ ಹಾಗೆ ಕಾಣುತ್ತೆ. ಆ ಇಬ್ಬರಲ್ಲಿ ಒಬ್ಬರು ಅವನ ಅಪ್ಪ. ಇದನ್ನು ಬರೆದವರು ಮುಂದಿನ ಪುಟಗಳಲ್ಲಿ ನಮ್ಮನ್ನು ನಗಿಸುತ್ತಾರೆ, ಹೊಟ್ಟೆ ಹಿಡಿದುಕೊಂಡು ನಗುವಷ್ಟು. ನಕ್ಕಿದ್ದಕ್ಕೆ ಆಮೇಲೆ ನಮಗೇ ನಾಚಿಕೆ ಆಗುತ್ತೆ. ಯಾವ ಕಾದಂಬರಿಕಾರನೂ ಇದಕ್ಕಿಂತ ಚೆನ್ನಾಗಿ ಕತೆ ಹೇಳಿದ್ದನ್ನು ನಾನು ಕಾಣೆ.

ಕಷ್ಟದ ಪುಸ್ತಕಗಳ ಬಗ್ಗೆ ಸುಮಾರು ಜನ ಕೇಳುತ್ತಿರುತ್ತೀರಿ. ಮಲೆಗಳಲ್ಲಿ ಮದುಮಗಳು ಓದುವಾಗ ನಾನು ಹಿಂದಿನ ಖಾಲಿ ಪುಟದಲ್ಲಿ ಪೆನ್ಸಿಲಿನಿಂದ ಊರು, ಮನೆಗಳ ಹೆಸರು ಬರೆದುಕೊಂಡೆ. ಹೂವಳ್ಳಿ, ಕೋಣೂರು, ಬೆಟ್ಟಳ್ಳಿ, ಹಳೆಮನೆ, ಸಿಂಬಾವಿ. ಯಾರು ಯಾವ ಮನೆಯವರು ಅಂತ ಒಮ್ಮೆ ತಲೆಯಲ್ಲಿ ಕೂತರೆ ಆಮೇಲೆ ಕುವೆಂಪು ಕೈ ಹಿಡಿದು ನಡೆಸುತ್ತಾರೆ. ದೇವನೂರರ ಕುಸುಮಬಾಲೆ ಮಾತ್ರ ಮೂರು ಸಲ ಬಿಟ್ಟೆ. ಅಷ್ಟು ತೆಳ್ಳನೆಯ ಪುಸ್ತಕ, ಹತ್ತು ಪುಟ ದಾಟೋಕೆ ಆಗಲಿಲ್ಲ, ಬರೆದಿರೋದು ನಂಜನಗೂಡು ಕಡೆಯ ಆಡುಮಾತಿನಲ್ಲಿ. ನಾಲ್ಕನೇ ಸಲ ಆ ಕಡೆಯವನೇ ಆದ ಗೆಳೆಯನ ಕೈಗೆ ಕೊಟ್ಟು, ಗಟ್ಟಿಯಾಗಿ ಓದು ಮಾರಾಯ ಅಂದೆ. ಅವನು ತನ್ನ ಅಜ್ಜಿ ಮಾತಾಡುವ ಹಾಗೆ ಓದಿಕೊಂಡು ಹೋದ. ಮನೆಮನೆಯ ದೀಪಗಳು ಜೋತಮ್ಮಗಳಾಗಿ ರಾತ್ರಿ ಸೇರಿ ಮಾತಾಡುವ ಕಡೆ ಬಂದಾಗ ನಾವಿಬ್ಬರೂ ಲೈಟ್ ಹಾಕೋದನ್ನೇ ಮರೆತಿದ್ದೆವು. ಕಣ್ಣಿಗೆ ಬಗ್ಗದ್ದು ಕಿವಿಗೆ ಬಗ್ಗಿತು.

ಇನ್ನೊಂದು ಸುದ್ದಿ ಹೇಳಿ ಮುಗಿಸುತ್ತೇನೆ. 2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡಾಗ ಎಲ್ಲರೂ ಅವರ ಮಹಾಭಾರತದ ಕಾದಂಬರಿ ಪರ್ವದ ಫೋಟೋ ಹಾಕುತ್ತಿದ್ದರು. ನಾನು ಗೃಹಭಂಗ ಕೆಳಗಿಳಿಸಿ ಟೇಬಲ್ ಮೇಲೆ ಇಟ್ಟಿದ್ದೆ. ಅದು ಅಲ್ಲೇ ಇತ್ತು. ಈಗ ಮೂರು ವಾರದಿಂದ ಅಮ್ಮ ಅದನ್ನು ಓದುತ್ತಿದ್ದಾರೆ, ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ, ದಿನಕ್ಕೆ ಹತ್ತು ಪುಟ. ಚೆನ್ನಿಗರಾಯ ಬಂದಾಗಲೆಲ್ಲ ಒಳಗಿನಿಂದ ಬೈಗುಳ ಕೇಳಿಸುತ್ತೆ. ನಿನ್ನೆ ಕನ್ನಡಕ ತೆಗೆದು, "ಇದು ನಿಜವಾಗ್ಲೂ ನಡೆದಿದ್ದೇನೋ?" ಅಂತ ಕೇಳಿದರು. ಗೊತ್ತಿಲ್ಲಮ್ಮ ಅಂದೆ. ಅವರಿನ್ನೂ ಪ್ಲೇಗಿನ ಪುಟಕ್ಕೆ ಬಂದಿಲ್ಲ. ಭಿತ್ತಿಯನ್ನು ತೆಗೆದು ಅಟ್ಟದ ಮೇಲೆ ಇಟ್ಟಿದ್ದೇನೆ, ಅವರ ಕೈಗೆ ಸಿಗದ ಹಾಗೆ.