ಜೇಬಿನ ಡೈರಿ

ಕೇಳುಗರೆ, ನಮಸ್ಕಾರ.

ಪೀಣ್ಯದ ಒಂದು ಕಾರ್ಖಾನೆಗೆ ಲೆಕ್ಕ ನೋಡಲು ತಿಂಗಳಿಗೆ ಎರಡು ಸಲ ಹೋಗುತ್ತೇನೆ. ಹತ್ತು ಜನರಿಂದ ಶುರುವಾದದ್ದು, ಈಗ ಅರವತ್ತು ಮಂದಿ. ಹೋದ ವರ್ಷ ಮಾಲೀಕರು ಅಲ್ಲಿಗೆ ಎಐ ತಂದರು. ಗಿರಾಕಿ ಕಳಿಸಿದ ಡ್ರಾಯಿಂಗ್ ಓದಿ ತಾನೇ ಕೊಟೇಶನ್ ಬರೆಯುತ್ತದೆ. ಅರ್ಧ ದಿನದ ಕೆಲಸ ಐದು ನಿಮಿಷಕ್ಕೆ.

ಯಂತ್ರದೊಳಗೆ ತಿರುಗುವ ಒಂದು ಶಾಫ್ಟಿನ ಕೊಟೇಶನ್ ಹೀಗೇ ಹೊರಡುವುದರಲ್ಲಿತ್ತು. ಸೂಪರ್‌ವೈಸರ್ ಸುಮ್ನೆ ಕಣ್ಣಾಡಿಸಿದರು. ಡ್ರಾಯಿಂಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಹಾರ್ಡನಿಂಗ್' ಅಂತ ಇತ್ತು, ಅಂದರೆ ಕಾಯಿಸಿ ಗಟ್ಟಿ ಮಾಡುವುದು. ಅದನ್ನು ಹೊರಗೆ ಜಾಬ್ ವರ್ಕಿಗೆ ಕೊಡಬೇಕು. ಕಾಯಿಸಿದಾಗ ಶಾಫ್ಟು ಕೊಂಚ ಸೊಟ್ಟಗಾಗುತ್ತದೆ, ಮತ್ತೆ ಗ್ರೈಂಡಿಂಗಿಗೆ ಹಾಕಬೇಕು. ಎರಡರ ಖರ್ಚೂ ಕೊಟೇಶನ್ನಿನಲ್ಲಿ ಇರಲಿಲ್ಲ. ಆ ರೇಟೆಲ್ಲ ಇದ್ದದ್ದು ಸೂಪರ್‌ವೈಸರ್ ಜೇಬಿನ ಡೈರಿಯಲ್ಲಿ, ಕನ್ನಡದಲ್ಲಿ, ಪೆನ್ಸಿಲ್ಲಿನಲ್ಲಿ. ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು, ಹೇಳಿ?

ತರಬೇತಿ ಕೊಡಿಸಲಿಲ್ಲವಾ ಅಂತ ಕೇಳಬಹುದು. ಕೊಡಿಸಿದ್ದರು, ಒಂದು ದಿನ. ಎಲ್ಲ ಇಂಗ್ಲಿಷಿನಲ್ಲಿ. ಮಧ್ಯಾಹ್ನದ ಊಟ ಮಾತ್ರ ಎಲ್ಲರಿಗೂ ನೆನಪಿದೆ.

ಡೈರಿ ಕೊಡಿ, ಎಕ್ಸೆಲ್ಲಿಗೆ ಹಾಕೋಣ ಅಂದರೆ ಸೂಪರ್‌ವೈಸರ್ ಒಪ್ಪಲಿಲ್ಲ. ಇಪ್ಪತ್ತೆರಡು ವರ್ಷದ ಅನುಭವ ಅದರಲ್ಲಿದೆ. ಕೊಟ್ಟಮೇಲೆ ನನ್ನನ್ನು ಯಾರು ಕೇಳ್ತಾರೆ ಅನ್ನೋ ಭಯ. ಇದನ್ನು ಹಟ ಅನ್ನಬೇಡಿ. ಬ್ಯಾಂಕುಗಳಿಗೆ ಕಂಪ್ಯೂಟರ್ ಬರುವ ಹೊತ್ತಿನಲ್ಲೂ ಇದೇ ಭಯ ಇತ್ತು. 1983ರಲ್ಲಿ ನೌಕರರ ಸಂಘಗಳು ಬ್ಯಾಂಕುಗಳ ಜೊತೆ ಕೂತು ಒಪ್ಪಂದ ಮಾಡಿಕೊಂಡವು. ಯಂತ್ರ ಯಾವ ಯಾವ ಕೆಲಸಕ್ಕೆ ಬರಬಹುದು ಅಂತ ಬರೆದೇ ಇಟ್ಟರು. ಅರವತ್ತು ಜನರ ಕಾರ್ಖಾನೆಯಲ್ಲಿ ಅಂಥ ಸಂಘ ಎಲ್ಲಿ? ಮಾಲೀಕರೇ ಬಾಯಿಬಿಟ್ಟು ಹೇಳಬೇಕು.

ಹೇಳಿದರು, ಮೂರು ತಿಂಗಳು ತಡವಾಗಿ. ಸೂಪರ್‌ವೈಸರ್ ಸಹಿ ಇಲ್ಲದೆ ಯಾವ ಕೊಟೇಶನ್ನೂ ಹೊರಗೆ ಹೋಗಕೂಡದು ಅಂತ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದರು. ಗಿರಾಕಿಯ ಡ್ರಾಯಿಂಗನ್ನು ಸ್ವಂತ ಮೊಬೈಲಿನ ಚಾಟ್‌ಜಿಪಿಟಿಗೆ ಹಾಕಬಾರದು ಅಂತಲೂ ಅದರ ಕೆಳಗೇ ಬರೆದಿದೆ. ಇಬ್ಬರು ಹುಡುಗರು ಆಗಲೇ ಹಾಕಿ ನೋಡಿದ್ದರಂತೆ!

ಆಮೇಲೆ ಡೈರಿ ಜೇಬಿನಿಂದ ಈಚೆ ಬಂತು. ಪ್ರತಿ ಶನಿವಾರ ಅರ್ಧ ಗಂಟೆ ಸೂಪರ್‌ವೈಸರ್ ಓದುತ್ತಾರೆ, ಅಕೌಂಟ್ಸಿನ ಹುಡುಗಿ ಟೈಪ್ ಮಾಡುತ್ತಾಳೆ. ಅವರ ಅಕ್ಷರ ಅವಳಿಗೆ ಓದಲು ಬರುವುದಿಲ್ಲ, ಅದಕ್ಕೆ ಈ ಏರ್ಪಾಡು.

ಹೋದ ವಾರ ನೋಡಿದರೆ ಅವರೇ ಕಂಪ್ಯೂಟರ್ ಮುಂದೆ ಕೂತಿದ್ದರು, ಕನ್ನಡಕ ಮೂಗಿನ ತುದಿಗೆ ಇಳಿದಿತ್ತು. "ಸಾರ್, ಇವತ್ತು ಇದು ಹಾರ್ಡನಿಂಗ್ ಸೇರಿಸಿದೆ. ಟೆಂಪೋ ಬಾಡಿಗೆ ಮರ್ತುಬಿಟ್ಟಿದೆ ನೋಡಿ" ಅಂದರು, ಹೊಸ ಹುಡುಗನ ತಪ್ಪು ಹಿಡಿದಷ್ಟು ಖುಷಿಯಲ್ಲಿ.