ಹೊಳೆಯ ಆಚೆ ಒಂದು ಆಳ್ವಿಕೆ, ಈಚೆ ಒಂದು

ಕೇಳುಗರೆಲ್ಲರಿಗೂ ನಮಸ್ಕಾರ.

ಕಂಪ್ಲಿ ಸೇತುವೆ ದಾಟಿದರೆ ಗಂಗಾವತಿ ತಾಲೂಕು. ಇವತ್ತು ದಾಟಿದರೆ ಜಿಲ್ಲೆಯ ಹೆಸರು ಮಾತ್ರ ಬದಲಾಗುತ್ತದೆ. ಬಳ್ಳಾರಿ ಮುಗಿದು ಕೊಪ್ಪಳ ಶುರು. 1946ರಲ್ಲಿ ಇದೇ ತುಂಗಭದ್ರೆಯನ್ನು ದಾಟಿದವರಿಗೆ ಜೇಬಿನ ದುಡ್ಡೇ ಬದಲಾಗುತ್ತಿತ್ತು. ಈ ದಡದಲ್ಲಿ ಬ್ರಿಟಿಷರ ಕಲ್ದಾರ್ ರೂಪಾಯಿ, ಆ ದಡದಲ್ಲಿ ಹೈದರಾಬಾದ್ ನಿಜಾಮರ ಹಾಲಿ ಸಿಕ್ಕ ರೂಪಾಯಿ. 6 ಕಲ್ದಾರಿಗೆ ಹೆಚ್ಚುಕಡಿಮೆ 7 ಹಾಲಿ. ಸರಕು ಹೊತ್ತು ತಂದರೆ ಕರೋಡಗಿರಿ ನಾಕಾದಲ್ಲಿ ಸುಂಕ ಕಟ್ಟಬೇಕು. ಆ ದಡದ ಸರ್ಕಾರಿ ಕಚೇರಿಗೆ ಹೋದರೆ ಕಾಗದಪತ್ರವೆಲ್ಲ ಉರ್ದು. ಆದರೆ ಎರಡೂ ದಡದಲ್ಲಿ ಮಾತು ಕನ್ನಡ, ಹೊಲದಲ್ಲಿ ಜೋಳ. ಹೆಣ್ಣು ಕೊಡುವುದು, ತರುವುದು ಹೊಳೆಯನ್ನು ನೋಡಿ ನಿಂತಿರಲಿಲ್ಲ.

ಒಂದೇ ಜನ, ಎರಡು ಆಳ್ವಿಕೆ. ರಾಜ್ಯಶಾಸ್ತ್ರ ಓದುವವರು ಇಂಥ ಜಾಗವನ್ನು ಹುಡುಕಿಕೊಂಡು ಹೋಗುತ್ತಾರೆ. ತೌಲನಿಕ ರಾಜಕೀಯ ಎಂದು ಕಾಲೇಜಿನಲ್ಲಿ ಪಾಠ ಮಾಡುತ್ತಾರಲ್ಲ, ಅದರ ಜೀವಾಳವೇ ಇದು. ಉಳಿದದ್ದೆಲ್ಲ ಹೆಚ್ಚುಕಡಿಮೆ ಒಂದೇ ಆಗಿದ್ದು ಆಳುವ ರೀತಿ ಮಾತ್ರ ಬೇರೆ ಇದ್ದರೆ, ಆ ಒಂದು ವ್ಯತ್ಯಾಸ ಏನು ಮಾಡಿತು ಎಂದು ನೋಡಬಹುದು. ಆಫ್ರಿಕಾದ ಮಲಾವಿ ಮತ್ತು ಜಾಂಬಿಯಾ ನಡುವಿನ ಗಡಿಯಲ್ಲಿ ಡೇನಿಯಲ್ ಪೋಸ್ನರ್ ಎಂಬ ವಿದ್ವಾಂಸರು ಹೀಗೇ ನೋಡಿದರು. ಚೇವಾ ಮತ್ತು ತುಂಬುಕಾ ಎಂಬ ಎರಡು ಬುಡಕಟ್ಟುಗಳು ಗಡಿಯ ಎರಡೂ ಕಡೆ ಇವೆ. ಮಲಾವಿಯಲ್ಲಿ ಅವರು ರಾಜಕೀಯದಲ್ಲಿ ಎದುರಾಳಿಗಳು, ಜಾಂಬಿಯಾದಲ್ಲಿ ಜೊತೆಗಾರರು. ಜನ ಅವರೇ. ಆದರೆ ಪ್ರತಿ ದೇಶದ ಚುನಾವಣೆಯಲ್ಲಿ ಅವರ ಸಂಖ್ಯೆಗೆ ಇರುವ ಬೆಲೆ ಬೇರೆ.

ಈಗ ಪ್ರಭುತ್ವ ಅಂದರೆ ಏನು ಎಂಬುದನ್ನು ನೋಡೋಣ. ಸರ್ಕಾರ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ, ಪ್ರಭುತ್ವ ಉಳಿಯುತ್ತದೆ. ಮುಖ್ಯಮಂತ್ರಿ ಯಾರಾದರೂ ಆಗಲಿ, ನಿಮ್ಮ ಪಹಣಿ, ಪೊಲೀಸ್ ಠಾಣೆ, ಕೋರ್ಟು ಹಾಗೇ ಇರುತ್ತವೆ ಅಲ್ವಾ? ಜರ್ಮನಿಯ ಮ್ಯಾಕ್ಸ್ ವೆಬರ್ 1919ರಲ್ಲಿ ಮ್ಯೂನಿಕ್ ನಗರದ ಒಂದು ಭಾಷಣದಲ್ಲಿ ಇದಕ್ಕೊಂದು ಅಳತೆ ಕೊಟ್ಟರು. ಒಂದು ನೆಲದೊಳಗೆ ಬಲಪ್ರಯೋಗ ಮಾಡುವ ಹಕ್ಕು ತನಗೊಬ್ಬನಿಗೇ ಎಂದು ಹೇಳಿ, ಜನರಿಂದಲೂ ಹೌದು ಅನ್ನಿಸಿಕೊಳ್ಳುವುದೇ ಪ್ರಭುತ್ವ. ಲಾಠಿ ಯಾರ ಕೈಯಲ್ಲೂ ಇರಬಹುದು. ಅದನ್ನು ಎತ್ತುವ ಅಧಿಕಾರ ಇವರಿಗಿದೆ ಎಂದು ಜನ ಒಪ್ಪಬೇಕು.

ಈ ಅಳತೆಯನ್ನು ನಮ್ಮ ಭಾಗಕ್ಕೆ ಹಿಡಿದು ನೋಡಿ. 1947-48ರ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಪೊಲೀಸರಿದ್ದರು, ಸೈನ್ಯವಿತ್ತು. ಅದರ ಜೊತೆಗೆ ಕಾಸಿಂ ರಜ್ವಿಯ ಖಾಸಗಿ ಪಡೆಯಾದ ರಜಾಕಾರರು ಬಂದೂಕು ಹಿಡಿದು ಊರೂರು ನುಗ್ಗುತ್ತಿದ್ದರು. ಅವರು ಸರ್ಕಾರಿ ನೌಕರರಲ್ಲ, ಆದರೂ ತಡೆಯುವವರಿಲ್ಲ. ರಾಯಚೂರು, ಕೊಪ್ಪಳ ಕಡೆಯ ಎಷ್ಟೋ ಕುಟುಂಬಗಳು ಮನೆಮಠ ಬಿಟ್ಟು ಗಡಿಯಾಚೆಯ ಊರುಗಳಿಗೆ ಓಡಿಹೋದವು. ಇತ್ತ ಅಳವಂಡಿ ಶಿವಮೂರ್ತಿಸ್ವಾಮಿಯವರ ಮುಂಡರಗಿ ಶಿಬಿರದಿಂದ, ಸಂಸ್ಥಾನ ಭಾರತಕ್ಕೆ ಸೇರಬೇಕೆನ್ನುವ ಹೋರಾಟಗಾರರು ಗಡಿ ದಾಟಿ ಬರುತ್ತಿದ್ದರು. ಒಂದೇ ನೆಲದಲ್ಲಿ ಮೂರು ಕಡೆಯವರ ಕೈಯಲ್ಲಿ ಬಂದೂಕು. ಭಾರತದ ಸೈನ್ಯ 1948ರ ಸೆಪ್ಟೆಂಬರ್ 13ರಂದು ಬಂತು, 17ರಂದು ನಿಜಾಮರು ಶರಣಾದರು. ಆದರೆ ವೆಬರ್ ಅಳತೆಯಲ್ಲಿ ನೋಡಿದರೆ ಆ ಪ್ರಭುತ್ವ ಅದಕ್ಕೂ ಮೊದಲೇ ಒಳಗಿನಿಂದ ಕುಸಿದಿತ್ತು ಎಂದು ನಾನು ಭಾವಿಸುತ್ತೇನೆ.

ಇನ್ನೊಂದು ಅಳತೆ 1933ರ ಮಾಂಟೆವಿಡಿಯೊ ಒಪ್ಪಂದದ್ದು. ಜನ, ಗಡಿ, ಸರ್ಕಾರ, ಬೇರೆ ದೇಶಗಳ ಜೊತೆ ವ್ಯವಹರಿಸುವ ಶಕ್ತಿ, ಈ ನಾಲ್ಕೂ ಇರಬೇಕು. ಹೈದರಾಬಾದಿಗೆ 1 ಕೋಟಿ 60 ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಸ್ವಂತ ನಾಣ್ಯ, ಅಂಚೆ, ರೈಲು ಇದ್ದವು. ನಾಲ್ಕನೆಯದು ಇರಲಿಲ್ಲ. ಹೊರದೇಶದ ವ್ಯವಹಾರ ಬ್ರಿಟಿಷರ ಕೈಯಲ್ಲಿತ್ತು. 1948ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಒಯ್ದರೂ ಏನೂ ಗಿಟ್ಟಲಿಲ್ಲ.

ಇನ್ನು ನನಗೆ ಬಹಳ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ನಮ್ಮ ಭಾಗ ಯಾಕೆ ಹಿಂದುಳಿಯಿತು ಎಂದು ಕೇಳಿದರೆ ಸಿದ್ಧ ಉತ್ತರ ಒಂದಿದೆ: ನಿಜಾಮರ ಆಳ್ವಿಕೆ. ಇದನ್ನು ಸುಮ್ನೆ ಒಪ್ಪಿಕೊಳ್ಳಬಾರದು. ಹಿಂದುಳಿದ ಹೈದರಾಬಾದ್ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡಲು 2012ರಲ್ಲಿ ಸಂಸತ್ತು ಒಪ್ಪಿದ, ಸಂವಿಧಾನದ 371ಜೆ ವಿಧಿಯ ಪಟ್ಟಿಯಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳದ ಜೊತೆ ಬಳ್ಳಾರಿಯೂ ಇದೆ. ಬಳ್ಳಾರಿಯನ್ನು ನಿಜಾಮರು 1800ರಲ್ಲೇ ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದರು. ಥಾಮಸ್ ಮನ್ರೋ ಅಲ್ಲಿ ಕಲೆಕ್ಟರ್ ಆಗಿ ರೈತವಾರಿ ಪದ್ಧತಿಗೆ ಬುನಾದಿ ಹಾಕಿದರು. ರೈತ ನೇರವಾಗಿ ಸರ್ಕಾರಕ್ಕೇ ಕಂದಾಯ ಕಟ್ಟುವ ಪದ್ಧತಿ ಅದು. ಅಷ್ಟಾದರೂ 1876-78ರ ಬರದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅತ್ತ ಮೈಸೂರೂ ರಾಜರ ಸಂಸ್ಥಾನವೇ. ಅಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಸೇರಿತು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಅರಸರ ಆಳ್ವಿಕೆ ಅಂದರೆ ಹಿಂದುಳಿಯುವಿಕೆ, ಬ್ರಿಟಿಷರದು ಅಂದರೆ ಮುನ್ನಡೆ ಎಂಬ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ. ಲಕ್ಷ್ಮಿ ಅಯ್ಯರ್ ಎಂಬ ಅರ್ಥಶಾಸ್ತ್ರಜ್ಞೆ ಇಡೀ ಭಾರತವನ್ನು ಹೋಲಿಸಿ ನೋಡಿದಾಗ, ಬ್ರಿಟಿಷರು ನೇರವಾಗಿ ಆಳಿದ ಕಡೆಗಳಲ್ಲೇ ಶಾಲೆ, ಆಸ್ಪತ್ರೆ, ರಸ್ತೆ ಕಡಿಮೆ ಎಂದು ಕಂಡುಬಂತು.

ಹಾಗಾದರೆ ಏನನ್ನು ಹೋಲಿಸಬೇಕು? ಮೈಕೆಲ್ ಮ್ಯಾನ್ ಎಂಬ ಸಮಾಜಶಾಸ್ತ್ರಜ್ಞರು ಎರಡು ಬಗೆಯ ಅಧಿಕಾರವನ್ನು ಬಿಡಿಸಿ ತೋರಿಸಿದರು. ಯಾರನ್ನೂ ಕೇಳದೆ ಹುಕುಂ ಹೊರಡಿಸುವ ಅಧಿಕಾರ ಒಂದು. ಹೊರಡಿಸಿದ ಹುಕುಂ ಕೊನೆಯ ಹಳ್ಳಿಯವರೆಗೂ ತಲುಪಿ ಜಾರಿಯಾಗುವ ಶಕ್ತಿ ಇನ್ನೊಂದು. ನಿಜಾಮರಿಗೆ ಮೊದಲನೆಯದು ಬೇಕಾದಷ್ಟಿತ್ತು, ಎರಡನೆಯದು ಕಮ್ಮಿ. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರಾಗಿತ್ತು. ಗುರುಗುಂಟದಲ್ಲಿ ಬೇರೆ ಸಂಸ್ಥಾನವೇ ಇತ್ತು. ರೈತ ಕೊಟ್ಟ ಕಂದಾಯಕ್ಕೂ ಹೈದರಾಬಾದಿನ ದರ್ಬಾರಿಗೂ ನಡುವೆ ಜಾಗೀರದಾರ ಕೂತಿದ್ದ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ರಾಜಧಾನಿಯಲ್ಲಿ ಬಂತು, ಪಾಠ ಉರ್ದುವಿನಲ್ಲಿ. ಲಿಂಗಸುಗೂರಿನ ಹುಡುಗನಿಗೆ ಅದು ಎಟುಕುವುದು ಹೇಗೆ? ಇತ್ತ ಬ್ರಿಟಿಷರ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯೂ ಮದ್ರಾಸಿಗೆ ಅಷ್ಟೇ ದೂರದ ಮೂಲೆ. ಎರಡೂ ದಡಗಳು ತಂತಮ್ಮ ಪ್ರಭುತ್ವದ ಅಂಚಿನಲ್ಲಿದ್ದವು. ನನ್ನ ಮಟ್ಟಿಗೆ, ಆಳಿದವರ ಹೆಸರಿಗಿಂತ ಈ ಅಂಚಿನ ಸ್ಥಿತಿಯೇ ಜಾಸ್ತಿ ವಿವರಿಸುತ್ತದೆ.

ತುಂಗಭದ್ರಾ ಅಣೆಕಟ್ಟಿನ ಕಥೆಯಲ್ಲೂ ಇದು ಕಾಣುತ್ತದೆ. ಆರ್ಥರ್ ಕಾಟನ್ ಎಂಬ ಎಂಜಿನಿಯರ್ 1860ರಲ್ಲೇ ಈ ನೀರಿನ ಯೋಜನೆಯ ಮಾತೆತ್ತಿದ್ದರು. ಮದ್ರಾಸ್ ಮತ್ತು ಹೈದರಾಬಾದ್ ನೀರು ಹಂಚಿಕೊಳ್ಳಲು ಒಪ್ಪಿದ್ದು 1944ರಲ್ಲಿ. ಮುಂದಿನ ವರ್ಷ ಎರಡೂ ದಡದಲ್ಲಿ ಬೇರೆಬೇರೆ ಅಡಿಗಲ್ಲು ಇಟ್ಟರು. ಈಚೆ ಮದ್ರಾಸ್ ಗವರ್ನರ್, ಆಚೆ ನಿಜಾಮರ ಮಗ. ಎರಡು ಪ್ರಭುತ್ವಗಳ ಎಳೆದಾಟದಲ್ಲಿ ಎಂಬತ್ತು ವರ್ಷಕ್ಕೂ ಜಾಸ್ತಿ ಹೋಯಿತು. ಆ ವರ್ಷಗಳಲ್ಲಿ ಬಂದ ಬರಗಳನ್ನು ನೆನೆದರೆ ಸಂಕಟವಾಗುತ್ತದೆ.

ಇವತ್ತು ಆ ಅಣೆಕಟ್ಟನ್ನು ನೋಡಿಕೊಳ್ಳುವುದು 1953ರಲ್ಲಿ ರಚನೆಯಾದ ತುಂಗಭದ್ರಾ ಮಂಡಳಿ. ಕರ್ನಾಟಕ, ಆಂಧ್ರ, ತೆಲಂಗಾಣ, ಜೊತೆಗೆ ಕೇಂದ್ರ ಸರ್ಕಾರ, ಎಲ್ಲರೂ ಅದರಲ್ಲಿದ್ದಾರೆ. ಒಕ್ಕೂಟ ವ್ಯವಸ್ಥೆ ಅಂದರೆ ಹೀಗೆ: ನಿರ್ಧಾರ ಒಬ್ಬರದೇ ಅಲ್ಲ, ಹೊಣೆಯೂ ಹಂಚಿಹೋಗಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನ ಮಧ್ಯೆಯೇ ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಆಗ ಎಡದಂಡೆ ಕಾಲುವೆಯ ಸಿಂಧನೂರು, ಮಾನ್ವಿ ರೈತರೂ ಬಲದಂಡೆಯ ಸಿರುಗುಪ್ಪ ರೈತರೂ ಕೇಳಿದ್ದು ಒಂದೇ ಪ್ರಶ್ನೆ: ಗೇಟಿನ ಚೈನು ಕಾಲಕಾಲಕ್ಕೆ ನೋಡಬೇಕಾದವರು ಯಾರು, ನೋಡಿದ್ದರೇ?

ನಮಸ್ಕಾರ.